ಅಡಿಟಿಪ್ಪಣಿ ಏಳು

ಬೆಳಗಿನ ಮಟಾಟುವಿನಲ್ಲಿ ನಿಂತೇ ಬರುತ್ತೇನೆ, ಗಿಗಿರಿಯವರೆಗೆ.
ಕಂಡಕ್ಟರ್ ಹುಡುಗನಿಗೆ ನನ್ನ ಕೊರಳಪಟ್ಟಿ ಕಂಡರೆ ಗೌರವ:
"ಭೂಮಿ ಉಳಿಸೋರು ಬಂದ್ರು, ಜಾಗ ಬಿಡಿ!"
ಜಾಗ ಯಾರೂ ಬಿಡುವುದಿಲ್ಲ. ಚಿಲ್ಲರೆ ಅವನು ಬಿಡುವುದಿಲ್ಲ.
ಸಂಬಳವಿಲ್ಲ ಎಂದು ಅವನಿಗೆ ಹೇಳಿಲ್ಲ.
ಕಿಸಿಯಲ್ಲಿರುವ ಅಮ್ಮನಿಗೆ ಅರ್ಧ ಹೇಳಿದ್ದೇನೆ:
"ಅನುಭವ ಕೊಡುತ್ತಾರಮ್ಮ."
"ಕಿಲೋಗೆ ಎಷ್ಟು ಬೊಸಿಬೊರಿ, ಅದು?"

ಗೇಟಿನೊಳಗೆ ಹುಲ್ಲೂ ಹೇಳಿದ ಮಾತು ಕೇಳುತ್ತದೆ.
ಸಾಲು ಬಾವುಟಗಳಿಗೆ ಗಾಳಿಯ ಬಗ್ಗೆ ಒಂದೇ ಅಭಿಪ್ರಾಯ.
ನನ್ನ ಮೇಜು ಜೆರಾಕ್ಸ್ ಯಂತ್ರದ ಪಕ್ಕ.
ಕೆಲಸ: ಸುಸ್ಥಿರ ಪ್ರವಾಸೋದ್ಯಮ, ಪರಿಸರಸ್ನೇಹಿ ಹೊಸಶೋಧ.
ಎಂದರೆ
ನೈವಾಷಾ ಸರೋವರದ ಸುತ್ತ ಹನ್ನೊಂದು ಲಾಡ್ಜುಗಳಲ್ಲಿ
ಒಬ್ಬ ಅತಿಥಿ ಒಂದು ರಾತ್ರಿಗೆ ಎಷ್ಟು ಲೀಟರ್ ಎಂದು
ಕೋಷ್ಟಕದಲ್ಲಿ ತುಂಬುವುದು.
ಅತಿಥಿ-ರಾತ್ರಿ, ಅದೊಂದು ಅಳತೆ.
ಮೊದಲ ದಿನ ಕಿವಿಗೆ ಕವಿತೆಯ ಹಾಗೆ ಬಿದ್ದಿತ್ತು.

ಶೋಧ ದೊಡ್ಡದೇನಲ್ಲ. ಬಚ್ಚಲಲ್ಲಿ ಪುಟ್ಟ ಕಾರ್ಡು,
ಕಾರ್ಡಿನಲ್ಲಿ ಹೆಜ್ಜಾರ್ಲೆ ಹಕ್ಕಿ:
"ಟವೆಲ್ ನೇತುಹಾಕಿ, ಸರೋವರ ಉಳಿಸಿ."
ನೆಲಕ್ಕೆ ಬಿಟ್ಟರೆ ಮಾತ್ರ ಒಗೆಯುತ್ತಾರೆ.
ಐದು ತಿಂಗಳಿಗೆ ಶೇಕಡ ಮೂವತ್ತೊಂದು ನೀರು ಉಳಿದಿದೆ.
ಪರದೆಯ ಮೇಲೆ ಗೆರೆ ಇಳಿಯುವುದನ್ನು ನೋಡಿ
ಮೇಲಧಿಕಾರಿ ಇಂಗೆಬ್ಯೋರ್ ಚಪ್ಪಾಳೆ ತಟ್ಟಿದರು.
ನಾನೂ ತಟ್ಟಿದೆ. ಸುಳ್ಳಲ್ಲ, ಖುಷಿಯಾಗಿತ್ತು.

ಮೀಟರು ಕೆಟ್ಟ ಲಾಡ್ಜೊಂದಕ್ಕೆ ನನ್ನನ್ನೇ ಕಳಿಸಿದರು.
ಹಿತ್ತಲಲ್ಲಿ, ಬಟ್ಟೆ ಒಣಹಾಕುವ ತಂತಿಗಳ ನಡುವೆ, ನಸಿಯೆಕು.
ಮೀಟರು ಕೆಟ್ಟರೇನು, ಲೆಕ್ಕ ಕೆಟ್ಟಿರಲಿಲ್ಲ ಅವಳಲ್ಲಿ:
ಡ್ರಮ್ಮಿಗೊಂದು ಬೆಣಚುಕಲ್ಲು,
ವಾರಕ್ಕೊಂದು ಅಡುಗೆ ಕೊಬ್ಬಿನ ಖಾಲಿ ಡಬ್ಬ.
ಸುರಿದುಕೊಂಡು ಕೂತು ಎಣಿಸಿದೆ.
ಮಾರ್ಚಿನ ಡಬ್ಬಗಳಿಗೆ ಮುಚ್ಚಳ ಕೂರುತ್ತಿರಲಿಲ್ಲ.
ಜುಲೈನವು ಅಲ್ಲಾಡಿಸಿದರೆ ಗಿಲಕಿ.
"ನೋಡಿ, ಎಷ್ಟು ಉಳಿಸಿದ್ದೀರಿ!" ಎಂದೆ.
"ಹೂಂ," ಎಂದಳು, ಹಿಂಡುತ್ತಲೇ.
"ಮೊದಲು ವಾರಕ್ಕೆ ಆರು ದಿನ ಕರೀತಿದ್ದರು. ಈಗ ನಾಲ್ಕು."

ಆಮೇಲೆ ಮಾತಿಲ್ಲ.
ಬುಟ್ಟಿಯಲ್ಲಿ ನೊರೆ ಸಣ್ಣಗೆ ಚಿಟಿಚಿಟಿ ಒಡೆಯುತ್ತಿತ್ತು.
ಬೈಯಲಿಲ್ಲ ಅವಳು. ಬೈದಿದ್ದರೆ ಚೆನ್ನಾಗಿತ್ತು.
ಬೇಲಿಯಾಚೆ ಕೈ ತೋರಿದಳು:
ಸರೋವರ ಈ ವರ್ಷ ತಾನಾಗೇ ಏರಿ
ಅವಳ ಓಣಿಯ ಎರಡು ಮನೆ ನುಂಗಿದೆ,
ಉಳಿಸಿದ್ದು ಸಾಕು ಅನ್ನುವ ಹಾಗೆ.

ವರದಿಯಲ್ಲಿ ಬರೆದೆ. ಕೂಲಿಯ ದಿನಗಳಿಗೆ ಕಾಲಂ ಇರಲಿಲ್ಲ,
ಹಾಗಾಗಿ ಅಡಿಟಿಪ್ಪಣಿ, ಏಳನೆಯದು,
ಇರುವೆಗಾತ್ರದ ಅಕ್ಷರದಲ್ಲಿ.
ಇಂಗೆಬ್ಯೋರ್ ಓದಿದರು. ಕನ್ನಡಕ ತೆಗೆದರು.
ಕೆಟ್ಟವರಲ್ಲ;
ಕ್ಯಾಂಟೀನಿನಲ್ಲಿ ನನ್ನ ಊಟಕ್ಕೂ ತಮ್ಮ ಕಾರ್ಡೇ ಉಜ್ಜುವವರು.
"ನಮ್ಮ ವ್ಯಾಪ್ತಿಗೆ ಬರುವುದಿಲ್ಲ," ಎಂದರು. "ಆದರೆ ತೆಗೆಯಬೇಡ."
ಮೂರನೇ ಕರಡಿನಲ್ಲಿ ಅದು ಅನುಬಂಧಕ್ಕೆ ಹೋಯಿತು.
ನಾಲ್ಕನೆಯದರಲ್ಲಿ ಅನುಬಂಧವೇ ಬೇರೆ ಕಡತವಾಯಿತು.
ಅಚ್ಚಾಗಿ ಬಂದ ಪುಸ್ತಕದ ಹದಿನಾಲ್ಕನೇ ಪುಟದಲ್ಲಿ
ಮೂವತ್ತೊಂದರ ಹೆಗಲ ಮೇಲೆ
ಪುಟ್ಟದೊಂದು ಏಳು ಈಗಲೂ ಕೂತಿದೆ.
ಕೆಳಗಿಳಿದು ಹುಡುಕಿದರೆ
ಬಿಳಿ ಕಾಗದ, ಪುಟಸಂಖ್ಯೆ.

ನಾಳೆ ಕೊರಳಪಟ್ಟಿ ಹಿಂದಿರುಗಿಸಬೇಕು.
ಕಾಂಗೆಮಿಯ ಕೋಣೆಯಲ್ಲಿ, ಕರೆಂಟು ಹೋದ ಮೇಲೆ,
ಆಫೀಸಿಗೆಂದು ಇರುವ ಒಂದೇ ಬಿಳಿ ಅಂಗಿ ಒಗೆಯುತ್ತೇನೆ.
ಒಂದು ಬಕೆಟ್. ಹೆಚ್ಚೆಂದರೆ ಒಂದೂವರೆ.
ಅಂದು ತೊಟ್ಟಿದ್ದ ಕೋಟಿನ ಜೇಬಿನಲ್ಲಿ
ಬೆಣಚುಕಲ್ಲೊಂದು ಸಿಕ್ಕಿತು,
ಎಣಿಸುವಾಗ ಹೇಗೋ ಉಳಿದುಕೊಂಡದ್ದು.
ಯಾವ ವಾರದ್ದೋ, ಯಾರ ಹಾಸಿಗೆಯ ಹೊದಿಕೆಯೋ.
ಅಂತೂ ನಸಿಯೆಕುವಿನ ಲೆಕ್ಕದಲ್ಲಿ
ಒಂದು ಡ್ರಮ್ಮು ನೀರು
ನಾನೇ ಉಳಿಸಿದ ಹಾಗಾಯಿತು.